ಅಂಗಡಿಕಾರರು ಕಟ್ಟಿದ ಕಾಲೇಜು: ಫಿಲಡೆಲ್ಫಿಯಾ ಫಾರ್ಮಸಿ ಕಾಲೇಜಿನ ಇನ್ನೂರು ವರ್ಷ

1821ರ ಫೆಬ್ರುವರಿ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಒಂದು ನಿರ್ಣಯ ಕೈಗೊಂಡಿತು. ಔಷಧಿ ಅಂಗಡಿಯಲ್ಲಿ ಅಪ್ರೆಂಟಿಸ್ ಆಗಿ ದುಡಿದು, ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದಲ್ಲಿ ರಸಾಯನಶಾಸ್ತ್ರ ಮತ್ತು ಔಷಧದ್ರವ್ಯಗಳ ಉಪನ್ಯಾಸ ಕೇಳಿದವರಿಗೆ 'ಮಾಸ್ಟರ್ ಆಫ್ ಫಾರ್ಮಸಿ' ಎಂಬ ಪದವಿ ಕೊಡಬೇಕೆಂಬುದು ಅದರ ಸಾರ. ಮೇಲ್ನೋಟಕ್ಕೆ ಇದು ಒಳ್ಳೆಯದೇ. ಆದರೆ ಫಿಲಡೆಲ್ಫಿಯಾ ನಗರದ ಔಷಧಿ ಅಂಗಡಿಗಳ ಮಾಲೀಕರು ಇದನ್ನು ಹಾಗೆ ತೆಗೆದುಕೊಳ್ಳಲಿಲ್ಲ. ತಮ್ಮ ಕಸುಬಿಗೆ ಯಾರು ಯೋಗ್ಯರು, ಯಾರು ಅಲ್ಲ ಎಂಬುದನ್ನು ವೈದ್ಯರು ತೀರ್ಮಾನಿಸುವುದಾದರೆ ತಾವು ಎಂದೆಂದಿಗೂ ವೈದ್ಯರ ಆಳುಗಳಾಗಿಯೇ ಉಳಿಯಬೇಕಾಗುತ್ತದೆ ಎಂದು ಅವರಿಗೆ ಅನ್ನಿಸಿತು. ಅದೇ ತಿಂಗಳ 23ರಂದು 68 ಮಂದಿ ಔಷಧಿ ವ್ಯಾಪಾರಿಗಳು ನಗರದ ಕಾರ್ಪೆಂಟರ್ಸ್ ಹಾಲ್‌ನಲ್ಲಿ ಸಭೆ ಸೇರಿದರು. ಅಮೆರಿಕದ ಬ್ರಿಟಿಷ್ ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್ 1774ರಲ್ಲಿ ಕೂಡಿದ್ದು ಇದೇ ಕಟ್ಟಡದಲ್ಲಿ. ಮಾರ್ಚ್ ತಿಂಗಳಲ್ಲಿ ಸಂಸ್ಥೆಯ ನಿಯಮಾವಳಿ ಸಿದ್ಧವಾಯಿತು, ನವೆಂಬರ್‌ನಲ್ಲಿ ಪಾಠಗಳೇ ಆರಂಭವಾದವು, ಮರುವರ್ಷ 'ಫಿಲಡೆಲ್ಫಿಯಾ ಕಾಲೇಜ್ ಆಫ್ ಫಾರ್ಮಸಿ' ಎಂಬ ಹೆಸರಿನಲ್ಲಿ ಅದು ಕಾನೂನುಬದ್ಧವಾಗಿ ನೋಂದಣಿಯಾಯಿತು. ಉತ್ತರ ಅಮೆರಿಕದ ಮೊದಲ ಫಾರ್ಮಸಿ ಕಾಲೇಜು ಹುಟ್ಟಿದ್ದು ಹೀಗೆ.

ನಾನು ಡಿ.ಫಾರ್ಮಾ, ಅಂದರೆ ಫಾರ್ಮಸಿ ಡಿಪ್ಲೊಮಾ, ಓದಿ ಔಷಧಿ ಅಂಗಡಿಯ ಕೌಂಟರಿನ ಹಿಂದೆಯೇ ಬದುಕು ಕಟ್ಟಿಕೊಂಡವನು. ನಮ್ಮ ಕಸುಬಿನ ಓದಿಗೆ ಸಂಬಂಧಿಸಿದ ಇತಿಹಾಸಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಈ ಕಾಲೇಜಿನದು, ಏಕೆಂದರೆ ಇದನ್ನು ಸರ್ಕಾರ ಕಟ್ಟಲಿಲ್ಲ, ರಾಜರು ಕಟ್ಟಲಿಲ್ಲ, ವಿಶ್ವವಿದ್ಯಾಲಯವಂತೂ ಕಟ್ಟಲೇ ಇಲ್ಲ. ಬೆಳಗ್ಗೆ ಬಾಗಿಲು ತೆರೆದು ರಾತ್ರಿ ಮುಚ್ಚುವ ಅಂಗಡಿಕಾರರು, ತಾವು ಮಾರುವ ಸರಕಿಗೆ ತಾವೇ ಹೊಣೆ ಎಂದು ಒಪ್ಪಿಕೊಂಡು ಕಟ್ಟಿದರು. ಅವರ ಉದ್ದೇಶವೆಲ್ಲವೂ ನಿಸ್ವಾರ್ಥವಾಗಿತ್ತು ಎಂದು ನಾನು ಹೇಳುವುದಿಲ್ಲ. ವ್ಯಾಪಾರದ ಮಾನ ಉಳಿದರೆ ವ್ಯಾಪಾರವೂ ಉಳಿಯುತ್ತದೆ ಎಂಬ ಲೆಕ್ಕಾಚಾರ ಅವರಲ್ಲಿ ಖಂಡಿತ ಇತ್ತು. ಆದರೂ ಆ ಲೆಕ್ಕಾಚಾರ ಅವರನ್ನು ಕರೆದುಕೊಂಡು ಹೋದದ್ದು ಕಲಿಕೆಯ ಕಡೆಗೆ, ಮತ್ತು ಅದು ಸಣ್ಣ ಸಂಗತಿಯಲ್ಲ.

ಆಗಿನ ಔಷಧಿ ವ್ಯಾಪಾರದ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಅಮೆರಿಕದ ಹೆಚ್ಚಿನ ಕಡೆ ಔಷಧಿ ಮಾರಲು ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಸಿಂಕೋನಾ ತೊಗಟೆ, ಅಫೀಮು, ರೇವಲಚಿನ್ನಿಯಂಥ ಸರಕುಗಳೆಲ್ಲ ಹಡಗಿನಲ್ಲಿ ಬರುತ್ತಿದ್ದವು. ಅವುಗಳಲ್ಲಿ ಎಷ್ಟು ಅಸಲಿ, ಎಷ್ಟು ಬೆರಕೆ ಎಂದು ಹೇಳಬಲ್ಲವರು ವಿರಳ. ದೇಶದ ಮೊದಲ ಫಾರ್ಮಕೋಪಿಯಾ, ಅಂದರೆ ಔಷಧಿಗಳ ಪ್ರಮಾಣಸೂತ್ರಗಳ ಗ್ರಂಥ, 1820ರಲ್ಲಷ್ಟೇ ಹೊರಬಂದಿತ್ತು, ಅದನ್ನು ರಚಿಸಿದವರು ವೈದ್ಯರು. ಔಷಧಿ ತಯಾರಿಸುವವರನ್ನು ಆ ಕೆಲಸಕ್ಕೆ ಯಾರೂ ಕರೆದಿರಲಿಲ್ಲ. ಅಂಗಡಿಗೆ ಸೇರಿದ ಹುಡುಗ ಕುಟ್ಟಾಣಿ ಹಿಡಿದು ಬೇರು, ತೊಗಟೆ ಕುಟ್ಟುತ್ತ, ಬಾಟಲಿ ತೊಳೆಯುತ್ತ, ಯಜಮಾನ ಮಾಡಿದ್ದನ್ನು ನೋಡುತ್ತ ಕಲಿಯಬೇಕು. ಯಜಮಾನ ಬಲ್ಲವನಾಗಿದ್ದರೆ ಹುಡುಗನ ಅದೃಷ್ಟ. ಇಲ್ಲದಿದ್ದರೆ ಯಜಮಾನನ ತಪ್ಪುಗಳೇ ಹುಡುಗನ ವಿದ್ಯೆ.

ಹೊಸ ಕಾಲೇಜು ಅಪ್ರೆಂಟಿಸ್ ಪದ್ಧತಿಯನ್ನು ತೆಗೆದುಹಾಕಲಿಲ್ಲ ಎಂಬುದನ್ನು ಗಮನಿಸಬೇಕು. ಹುಡುಗರು ಹಗಲಿಡೀ ಅಂಗಡಿಯಲ್ಲಿ ದುಡಿದು ಸಂಜೆ ಉಪನ್ಯಾಸಕ್ಕೆ ಬರುತ್ತಿದ್ದರು. ಪದವಿಗೆ ಉಪನ್ಯಾಸಗಳ ಜೊತೆಗೆ ವರ್ಷಗಟ್ಟಲೆ ಅಂಗಡಿಯ ಅನುಭವ ಮತ್ತು ಸ್ವಂತವಾಗಿ ಬರೆದ ಒಂದು ಪ್ರಬಂಧ ಬೇಕಿತ್ತು. ಮೊದಲ ಪ್ರಾಧ್ಯಾಪಕರು ಇಬ್ಬರು, ಔಷಧದ್ರವ್ಯಕ್ಕೆ ಸ್ಯಾಮ್ಯುಯೆಲ್ ಜಾಕ್ಸನ್, ರಸಾಯನಶಾಸ್ತ್ರಕ್ಕೆ ಜೆರಾರ್ಡ್ ಟ್ರೂಸ್ಟ್. 1826ರಲ್ಲಿ ಮೊದಲ ಪದವಿಗಳನ್ನು ಕೊಟ್ಟಾಗ ಪಡೆದವರು ಮೂವರೇ. ಆ ಹೊತ್ತಿಗಾಗಲೇ ಕಾಲೇಜು ತನ್ನದೇ ಒಂದು ನಿಯತಕಾಲಿಕವನ್ನು ಆರಂಭಿಸಿತ್ತು. ಮುಂದೆ ಅದು 'ಅಮೆರಿಕನ್ ಜರ್ನಲ್ ಆಫ್ ಫಾರ್ಮಸಿ' ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ತಲುಪಿತು. ವಿದ್ಯಾರ್ಥಿಗಳು ಕೈಬೆರಳಲ್ಲಿ ಎಣಿಸುವಷ್ಟಿದ್ದಾಗಲೇ ತಾವು ಕಂಡುಕೊಂಡದ್ದನ್ನು ಅಚ್ಚು ಹಾಕಿಸಿ ಎಲ್ಲರಿಗೂ ಹಂಚಬೇಕೆಂದು ಅವರಿಗೆ ತೋಚಿತಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಈ ಹಂಚುವ ಗುಣ ಅತ್ಯಂತ ಸ್ಪಷ್ಟವಾಗಿ ತೋರಿದ್ದು 1824ರ ಒಂದು ಸಣ್ಣ ಪುಸ್ತಿಕೆಯಲ್ಲಿ. ಇಂಗ್ಲೆಂಡಿನಿಂದ ಬರುತ್ತಿದ್ದ ಪೇಟೆಂಟ್ ಔಷಧಿಗಳು, ಅಂದರೆ ಸೂತ್ರವನ್ನು ಗುಟ್ಟಾಗಿಟ್ಟು ತಯಾರಕರ ಹೆಸರಿನಲ್ಲಿ ಮಾರುತ್ತಿದ್ದ ಸಿದ್ಧ ಔಷಧಿಗಳು, ಆಗ ಅಮೆರಿಕದ ಮನೆಮನೆಯಲ್ಲೂ ಇದ್ದವು: ಗಾಡ್‌ಫ್ರೀಸ್ ಕಾರ್ಡಿಯಲ್, ಬೇಟ್‌ಮನ್ಸ್ ಡ್ರಾಪ್ಸ್, ಡಾಲ್ಬೀಸ್ ಕಾರ್ಮಿನೇಟಿವ್, ಟರ್ಲಿಂಗ್‌ಟನ್ಸ್ ಬಾಲ್ಸಮ್, ಹೂಪರ್ಸ್ ಪಿಲ್ಸ್ ಇತ್ಯಾದಿ. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಆಮದು ನಿಂತುಹೋದಾಗ ಸ್ಥಳೀಯ ಅಂಗಡಿಗಳು ಖಾಲಿ ಬಾಟಲಿಗಳಿಗೆ ತಮ್ಮದೇ ದ್ರಾವಣ ತುಂಬಿ ಅದೇ ಹೆಸರಿನಲ್ಲಿ ಮಾರತೊಡಗಿದ್ದವು. ಯುದ್ಧ ಮುಗಿದ ಮೇಲೂ ಅಭ್ಯಾಸ ಮುಂದುವರಿಯಿತು. ಬಾಟಲಿಯ ಆಕಾರ ಒಂದೇ, ಸುತ್ತಿದ ಕಾಗದ ಒಂದೇ, ಒಳಗಿರುವುದು ಮಾತ್ರ ಅಂಗಡಿಗೊಂದು ಬಗೆ. ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬುದು ಅಳುವ ಕೂಸುಗಳನ್ನು ಮಲಗಿಸಲು ತಾಯಂದಿರು ಕುಡಿಸುತ್ತಿದ್ದ ಸಿಹಿ ದ್ರವ, ಮತ್ತು ಅದರಲ್ಲಿದ್ದದ್ದು ಅಫೀಮು. ಒಂದು ಅಂಗಡಿಯ ಬಾಟಲಿಗೆ ಒಗ್ಗಿದ ಮಗುವಿಗೆ ಇನ್ನೊಂದು ಅಂಗಡಿಯ ಬಾಟಲಿಯಿಂದ ಅಷ್ಟೇ ಚಮಚ ಕುಡಿಸಿದರೆ ಏನಾಗಬಹುದು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲೇಜಿನ ಸಮಿತಿ ಇಂಥ ಎಂಟು ಔಷಧಿಗಳನ್ನು ಆರಿಸಿಕೊಂಡು, ಚಾಲ್ತಿಯಲ್ಲಿದ್ದ ಸೂತ್ರಗಳನ್ನು ಕಲೆಹಾಕಿ, ಅವುಗಳ ನಡುವಿನ ಅಗಾಧ ವ್ಯತ್ಯಾಸವನ್ನು ಕಂಡು, ಪ್ರತಿಯೊಂದಕ್ಕೂ ಒಂದೊಂದು ನಿಶ್ಚಿತ ಸೂತ್ರವನ್ನು ಪ್ರಕಟಿಸಿತು. ಅನಗತ್ಯವಾದ ದ್ರವ್ಯಗಳನ್ನು ಕಿತ್ತುಹಾಕಿತು. ಇಪ್ಪತ್ತೇಳು ದ್ರವ್ಯಗಳಿವೆಯೆಂದು ಜಂಬ ಕೊಚ್ಚಿಕೊಂಡಿದ್ದ ಟರ್ಲಿಂಗ್‌ಟನ್ಸ್ ಬಾಲ್ಸಮ್ ಸಮಿತಿಯ ಕೈಯಲ್ಲಿ ಬಹುಮಟ್ಟಿಗೆ ಕಾಂಪೌಂಡ್ ಟಿಂಕ್ಚರ್ ಆಫ್ ಬೆಂಜೋಯಿನ್ ಆಗಿ ಇಳಿಯಿತು. ಈ ಟಿಂಕ್ಚರ್ ನಮಗೇನೂ ಅಪರಿಚಿತವಲ್ಲ. ನಮ್ಮ ಊರಿನ ಮೆಡಿಕಲ್ ಸ್ಟೋರ್‌ಗಳ ಕಪಾಟಿನಲ್ಲಿ ಇಂದಿಗೂ ಇರುವ, ಮುಚ್ಚಳ ತೆಗೆದರೆ ಸಾಂಬ್ರಾಣಿಯ ವಾಸನೆ ಬರುವ, ಕಂದುಬಣ್ಣದ, ಕೈಗೆ ತಾಗಿದರೆ ಅಂಟಂಟಾಗಿ ಉಳಿಯುವ ಟಿಂಕ್ಚರ್ ಬೆಂಜೋಯಿನ್ ಅದು. ಶೀತವಾದಾಗ ಬಿಸಿನೀರಿಗೆ ಕೆಲವು ಹನಿ ಹಾಕಿ ಆವಿ ತೆಗೆದುಕೊಳ್ಳಲು ವೈದ್ಯರು ಬರೆದುಕೊಡುತ್ತಿದ್ದ ಚೀಟಿಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಆ ಸಮಿತಿಯನ್ನು ಇಂದು ಕುಳಿತು ಟೀಕಿಸುವುದು ಸುಲಭ. ಗುಟ್ಟಿನ ಔಷಧಿಗಳನ್ನು ನಿಲ್ಲಿಸುವ ಬದಲು ಅವುಗಳಿಗೆ ಮಾನ್ಯತೆ ಕೊಟ್ಟರಲ್ಲವೇ, ಕೂಸುಗಳ ಬಾಯಿಗೆ ಅಫೀಮು ಹಾಕುವುದು ಹಾಗೆಯೇ ಮುಂದುವರಿಯಿತಲ್ಲವೇ ಎಂದು ಕೇಳಬಹುದು. ಮಾತು ಸುಳ್ಳಲ್ಲ, ಅಂಗಡಿಯ ಲಾಭವನ್ನು ಪೂರ್ತಿ ಬಿಟ್ಟುಕೊಡುವ ಧೈರ್ಯ ಅವರಿಗೆ ಇರಲಿಲ್ಲ. ಆದರೆ ಔಷಧಿ ನಿಯಂತ್ರಣದ ಕಾನೂನು ಹೆಚ್ಚುಕಡಿಮೆ ಇಲ್ಲವೇ ಇಲ್ಲದ ದೇಶದಲ್ಲಿ, ಬಾಟಲಿಯೊಳಗೆ ಏನಿದೆ, ಎಷ್ಟಿದೆ ಎಂಬುದನ್ನು ಬಯಲಿಗಿಟ್ಟು, ಎಲ್ಲ ಅಂಗಡಿಗಳಲ್ಲೂ ಅದು ಒಂದೇ ಆಗಿರಲಿ ಎಂದು ಒತ್ತಾಯಿಸಿದ್ದು ರೋಗಿಯ ಪರವಾದ ಕೆಲಸವೇ ಎಂದು ನಾನು ನಂಬಿದ್ದೇನೆ. ಔಷಧಿಯ ಗುಣಮಟ್ಟ ಎಂದು ನಾವು ಇಂದು ಕರೆಯುವುದರ ಅರ್ಧಭಾಗ ಈ ಒಂದು ಬೇಡಿಕೆಯಲ್ಲೇ ಇದೆ.

ಕಾಲೇಜಿನ ಮೊದಲ ಅಧ್ಯಕ್ಷ ಚಾರ್ಲ್ಸ್ ಮಾರ್ಷಲ್ ಬಗ್ಗೆ ಹೇಳುವಾಗ ಆತನ ಮಗಳನ್ನು ಬಿಡಲಾಗದು. ಚಾರ್ಲ್ಸ್ ಮಾರ್ಷಲ್ ಅವರ ತಂದೆ ಕ್ರಿಸ್ಟೋಫರ್ ಮಾರ್ಷಲ್ 1729ರಲ್ಲಿ ಸ್ಥಾಪಿಸಿದ ಔಷಧಿ ಅಂಗಡಿ ಫಿಲಡೆಲ್ಫಿಯಾದಲ್ಲಿ ಹೆಸರುವಾಸಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬೇರೆಯವರ ಸಾಲಕ್ಕೆ ಜಾಮೀನು ನಿಂತ ಕಾರಣದಿಂದ ಅಂಗಡಿ ಮುಳುಗುವ ಹಂತಕ್ಕೆ ಬಂದಾಗ ಅದನ್ನು ಕೈಗೆತ್ತಿಕೊಂಡವಳು ಚಾರ್ಲ್ಸ್ ಮಾರ್ಷಲ್ ಅವರ ಮಗಳು ಎಲಿಜಬೆತ್. 1804ರಿಂದ 1825ರವರೆಗೆ ಆಕೆ ಅದನ್ನು ನಡೆಸಿ, ಮತ್ತೆ ಲಾಭಕ್ಕೆ ತಂದು, ಕೊನೆಗೆ ತನ್ನ ಕೈಕೆಳಗೆ ಕಲಿತ ಇಬ್ಬರು ಅಪ್ರೆಂಟಿಸ್‌ಗಳಿಗೆ ವಹಿಸಿದಳು. ಅವರಲ್ಲಿ ಒಬ್ಬರಾದ ಚಾರ್ಲ್ಸ್ ಎಲ್ಲಿಸ್ ಮುಂದೆ ಕಾಲೇಜಿನ ಅಧ್ಯಕ್ಷರಾದರು. ಅಂದರೆ ಕಾಲೇಜು ಸ್ಥಾಪನೆಯಾದ ದಿನ ನಗರದ ಅತ್ಯುತ್ತಮ ಔಷಧಿ ಅಂಗಡಿಗಳಲ್ಲಿ ಒಂದನ್ನು ನಡೆಸುತ್ತಿದ್ದವಳು ಒಬ್ಬ ಹೆಂಗಸು. ಅಧ್ಯಕ್ಷನಾದದ್ದು ಆಕೆಯ ತಂದೆ, ಮುಂದೆ ಆ ಪೀಠದಲ್ಲಿ ಕುಳಿತದ್ದು ಆಕೆಯ ಶಿಷ್ಯ.

ಮಹಿಳೆಯೊಬ್ಬಳಿಗೆ ಈ ಕಾಲೇಜಿನ ಪದವಿ ಸಿಕ್ಕಿದ್ದು ಅದಾದ 62 ವರ್ಷಗಳ ನಂತರ, 1883ರಲ್ಲಿ. ಆಕೆಯ ಹೆಸರು ಸೂಸನ್ ಹೇಹರ್ಸ್ಟ್. ಆಗ ಆಕೆಗೆ ಅರವತ್ತು ದಾಟಿತ್ತು. 1857ರಲ್ಲೇ ಮಹಿಳಾ ವೈದ್ಯಕೀಯ ಕಾಲೇಜಿನಿಂದ ವೈದ್ಯೆಯಾಗಿ ಹೊರಬಂದಿದ್ದ ಆಕೆ, ಫಿಲಡೆಲ್ಫಿಯಾದ ಮಹಿಳಾ ಆಸ್ಪತ್ರೆಯ ಔಷಧಿ ವಿಭಾಗವನ್ನು ನಡೆಸುತ್ತಿದ್ದಾಗ, ಈ ಕೆಲಸಕ್ಕೆ ಬೇಕಾದ ವಿದ್ಯೆ ತನಗೆ ಇನ್ನೂ ಸಾಲದು ಎಂದುಕೊಂಡು ತನ್ನ ಮೊಮ್ಮಕ್ಕಳ ವಯಸ್ಸಿನ ಹುಡುಗರ ನಡುವೆ ಬೆಂಚಿನ ಮೇಲೆ ಕುಳಿತಳು. ಪದವಿ ಪಡೆದ ಮೇಲೂ ಅದೇ ಆಸ್ಪತ್ರೆಯಲ್ಲಿ ಮುಂದುವರಿದು ಅನೇಕ ಹೆಣ್ಣುಮಕ್ಕಳನ್ನು ಔಷಧಿ ಕೆಲಸಕ್ಕೆ ತಯಾರು ಮಾಡಿದಳು. ಅದೇ 1883ರಲ್ಲಿ ಮಹಾರಾಷ್ಟ್ರದ ಕಲ್ಯಾಣದ ಆನಂದಿಬಾಯಿ ಜೋಶಿ ವೈದ್ಯಶಿಕ್ಷಣಕ್ಕಾಗಿ ಕಡಲು ದಾಟಿ, ಅದೇ ನಗರದ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿದರು. ಎರಡೂ ಒಂದೇ ವರ್ಷ, ಒಂದೇ ಊರಿನಲ್ಲಿ ನಡೆದವು ಎಂಬುದು ನನ್ನ ಗಮನಕ್ಕೆ ಬಂದಾಗ ನಾನು ಓದುತ್ತಿದ್ದದ್ದನ್ನು ನಿಲ್ಲಿಸಿ ಬಹಳ ಹೊತ್ತು ಆ ವರ್ಷದ ಬಗ್ಗೆಯೇ ಯೋಚಿಸಿದೆ.

ಕಾಲೇಜಿನ ಮೊದಲ ತಲೆಮಾರಿನ ಪ್ರಾಧ್ಯಾಪಕರಲ್ಲಿ ಹೆಚ್ಚಿನವರು ವೈದ್ಯಕೀಯ ಓದಿದವರೇ. ವೈದ್ಯರ ಹಿಡಿತ ಬೇಡವೆಂದು ಹೊರಬಂದ ಸಂಸ್ಥೆ ಪಾಠ ಹೇಳಲು ವೈದ್ಯರನ್ನೇ ಕರೆಯಬೇಕಾಯಿತು, ಏಕೆಂದರೆ ವಿಜ್ಞಾನವನ್ನು ಕ್ರಮವಾಗಿ ಕಲಿತ ಔಷಧಿ ವ್ಯಾಪಾರಿಗಳು ಆಗ ಇರಲಿಲ್ಲ. ಅಂಥವರು ತಯಾರಾಗಲು ಒಂದು ತಲೆಮಾರು ಹಿಡಿಯಿತು. 1846ರಲ್ಲಿ ಫಾರ್ಮಸಿಗೆಂದೇ ಪ್ರತ್ಯೇಕ ಪೀಠ ಸ್ಥಾಪಿಸಿ ಅದಕ್ಕೆ ನೇಮಿಸಿದ್ದು 1837ರಲ್ಲಿ ಅದೇ ಕಾಲೇಜಿನಲ್ಲಿ ಓದಿ ಮುಗಿಸಿದ್ದ ವಿಲಿಯಂ ಪ್ರಾಕ್ಟರ್ ಅವರನ್ನು. ಅಮೆರಿಕದ ಫಾರ್ಮಸಿಯ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ನಗರದ ಒಂಬತ್ತನೆಯ ಬೀದಿ ಮತ್ತು ಲೊಂಬಾರ್ಡ್ ಬೀದಿ ಕೂಡುವ ಮೂಲೆಯಲ್ಲಿ ಅವರ ಸ್ವಂತ ಅಂಗಡಿ ಇತ್ತು, ಅದನ್ನು ನಡೆಸುತ್ತಲೇ ಅವರು ಪಾಠ ಹೇಳಿದರು, ನಿಯತಕಾಲಿಕವನ್ನು ಸಂಪಾದಿಸಿದರು, ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರಯೋಗ ಮಾಡಿದರು.

ಪ್ರಾಕ್ಟರ್ ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ಕೆಲಸ ಪರ್ಕೊಲೇಶನ್, ಅಂದರೆ ಪುಡಿಯ ಮೂಲಕ ದ್ರವವನ್ನು ನಿಧಾನವಾಗಿ ಇಳಿಸಿ ಸಾರ ತೆಗೆಯುವುದು. ಈ ವಿಧಾನ ಅವರು ಹುಟ್ಟಿಸಿದ್ದಲ್ಲ, ಯುರೋಪಿನಿಂದ ಬಂದದ್ದು. ಆದರೆ ಅದನ್ನು ಸಾಮಾನ್ಯ ಅಂಗಡಿಕಾರನೂ ನಂಬಿ ಮಾಡಬಹುದಾದ ಮಟ್ಟಕ್ಕೆ ತಿದ್ದಿ ತೀಡಿದವರಲ್ಲಿ ಅವರು ಮುಖ್ಯರು. ಬೇರನ್ನೋ ತೊಗಟೆಯನ್ನೋ ತರಿತರಿಯಾಗಿ ಪುಡಿಮಾಡಿ, ಮೊದಲು ಸ್ವಲ್ಪ ಆಲ್ಕೊಹಾಲ್ ಮಿಶ್ರಣದಲ್ಲಿ ತೇವಗೊಳಿಸಿ ಉಬ್ಬಲು ಬಿಡಬೇಕು. ಆಮೇಲೆ ಶಂಕುವಿನಾಕಾರದ ಪಾತ್ರೆಯಲ್ಲಿ ಹದವಾಗಿ ಒತ್ತಿ ತುಂಬಬೇಕು: ತೀರ ಸಡಿಲವಾದರೆ ದ್ರವ ಸಂದಿಗಳಲ್ಲಿ ಹರಿದು ಸುಮ್ಮನೆ ಕೆಳಗಿಳಿಯುತ್ತದೆ, ತೀರ ಗಟ್ಟಿಯಾದರೆ ಇಳಿಯುವುದೇ ಇಲ್ಲ. ಮೇಲಿನಿಂದ ದ್ರವ ಸುರಿದು, ಕೆಳಗಿನಿಂದ ಮೊದಲ ಹನಿಗಳು ಬಂದೊಡನೆ ನಲ್ಲಿ ಮುಚ್ಚಿ ಒಂದು ದಿನ ನೆನೆಯಬಿಡಬೇಕು; ಮರುದಿನ ತೊಟ್ಟುತೊಟ್ಟಾಗಿ ಇಳಿಸಬೇಕು. ಫಿಲ್ಟರ್‌ನಲ್ಲಿ ಕಾಫಿ ಡಿಕಾಕ್ಷನ್ ಇಳಿಸುವವರಿಗೆ ಇದರ ಮರ್ಮ ತಕ್ಷಣ ತಿಳಿಯುತ್ತದೆ. ಮೊದಲು ಇಳಿದ ಗಾಢ ಭಾಗವನ್ನು ಹಾಗೆಯೇ ಎತ್ತಿಟ್ಟು, ನಂತರದ ತೆಳು ಭಾಗವನ್ನು ಕಾಯಿಸಿ ಇಂಗಿಸಿ, ಎರಡನ್ನೂ ಕೂಡಿಸಿದರೆ ಫ್ಲೂಯಿಡ್ ಎಕ್ಸ್‌ಟ್ರ್ಯಾಕ್ಟ್ ಎಂಬ ಗಾಢ ದ್ರವಸಾರ ಸಿದ್ಧ. ನಾನು ಡಿ.ಫಾರ್ಮಾ ಓದುವಾಗ ಇದನ್ನು ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಚಿತ್ರಸಹಿತ ಬರೆದಿದ್ದೆ. ಪುಡಿ ತುಂಬುವ ಹದವೆಂದರೇನು ಎಂಬುದು ಕೈಯಿಂದ ಮಾಡಿದಾಗಲೇ ತಿಳಿದದ್ದು.

ಬೆರಕೆ ಸರಕಿನ ಸಮಸ್ಯೆ ಮಾತ್ರ ಕಾಲೇಜು ಹುಟ್ಟಿದ ಮಾತ್ರಕ್ಕೆ ತೀರಲಿಲ್ಲ. 1848ರಲ್ಲಿ ಅಮೆರಿಕದ ಸಂಸತ್ತು ಆಮದು ಔಷಧಿಗಳನ್ನು ಬಂದರುಗಳಲ್ಲೇ ಪರೀಕ್ಷಿಸಬೇಕೆಂಬ ಕಾನೂನು ತಂದಿತು. ಆದರೆ ಯಾವ ಸರಕು ಎಷ್ಟು ಶುದ್ಧವಿರಬೇಕು ಎಂಬ ಮಾನದಂಡವೇ ಒಂದೊಂದು ಕಡೆ ಒಂದೊಂದು ಬಗೆಯಾಗಿದ್ದರಿಂದ ಬೇರೆ ಬೇರೆ ನಗರಗಳ ಔಷಧಿ ವ್ಯಾಪಾರಿಗಳು ಒಟ್ಟಾಗಿ ಕುಳಿತು ಮಾತಾಡಬೇಕಾಯಿತು. 1852ರ ಅಕ್ಟೋಬರ್‌ನಲ್ಲಿ ಸುಮಾರು ಇಪ್ಪತ್ತು ಪ್ರತಿನಿಧಿಗಳು ಫಿಲಡೆಲ್ಫಿಯಾ ಕಾಲೇಜಿನಲ್ಲಿ ಸೇರಿ ಅಮೆರಿಕನ್ ಫಾರ್ಮಸ್ಯುಟಿಕಲ್ ಅಸೋಸಿಯೇಷನ್ ಸ್ಥಾಪಿಸಿದರು. ಕಾಲೇಜಿನ ಡೇನಿಯಲ್ ಸ್ಮಿತ್ ಅದರ ಮೊದಲ ಅಧ್ಯಕ್ಷ. ಪ್ರಾಕ್ಟರ್ ಅದರ ಪತ್ರವ್ಯವಹಾರದ ಹೊಣೆ ಹೊತ್ತರು. ಪ್ರಾಕ್ಟರ್ ಸಹೋದ್ಯೋಗಿಗಳಲ್ಲಿ ಎಡ್ವರ್ಡ್ ಪ್ಯಾರಿಶ್ ಮತ್ತು ಜರ್ಮನಿಯಿಂದ ವಲಸೆ ಬಂದ ಜಾನ್ ಮೈಶ್ ಇಬ್ಬರೂ ದೊಡ್ಡವರು. ಔಷಧಿ ಮಾರುವವರಿಗೆ ಪರೀಕ್ಷೆ ಮತ್ತು ನೋಂದಣಿ ಕಡ್ಡಾಯವಾಗಬೇಕೆಂದು ಕರಡು ಕಾನೂನು ಬರೆದು ರಾಜ್ಯ ರಾಜ್ಯಗಳ ಮುಂದೆ ಇಟ್ಟವರು ಮೈಶ್.

1874ರಲ್ಲಿ ಪ್ರಾಕ್ಟರ್ ತೀರಿಕೊಂಡಾಗ ಅವರ ಸ್ಥಾನಕ್ಕೆ ಬಂದವರು ಜೋಸೆಫ್ ರೆಮಿಂಗ್‌ಟನ್. ಈ ಹೆಸರನ್ನು ಕರ್ನಾಟಕದ ಯಾವ ಫಾರ್ಮಸಿ ಕಾಲೇಜಿನ ಗ್ರಂಥಾಲಯದಲ್ಲಿ ಹೇಳಿದರೂ ಒಂದು ದಪ್ಪ ಪುಸ್ತಕದತ್ತ ಕೈ ತೋರಿಸುತ್ತಾರೆ. ಅವರು 1885ರಲ್ಲಿ ಬರೆದ ಫಾರ್ಮಸಿಯ ಪಠ್ಯ ಮರುಪರಿಷ್ಕಾರಗೊಳ್ಳುತ್ತ ಇಂದಿಗೂ ಅವರ ಹೆಸರನ್ನೇ ಹೊತ್ತು ಬರುತ್ತಿದೆ. 'ರೆಮಿಂಗ್‌ಟನ್ ನೋಡಿದೆಯಾ?' ಎಂದು ಕೇಳುವ ನಮ್ಮ ಮೇಷ್ಟ್ರುಗಳೂ, ನೋಡಿದೆ ಎನ್ನುವ ನಾವೂ, ಅದು ಒಬ್ಬ ಮನುಷ್ಯನ ಹೆಸರು, ಒಂದು ನಿರ್ದಿಷ್ಟ ಕಾಲೇಜಿನ ತರಗತಿಯಲ್ಲಿ ಹೇಳಿದ ಪಾಠಗಳಿಂದ ಬೆಳೆದ ಪುಸ್ತಕ ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ.

ಅದೇ 1874ರಲ್ಲಿ ಪದವಿ ಪಡೆದವರಲ್ಲಿ ಹೆನ್ರಿ ವೆಲ್ಕಮ್ ಒಬ್ಬರು. 1877ರಲ್ಲಿ ಸೈಲಸ್ ಬರೋಸ್ ಓದು ಮುಗಿಸಿದರು. ಇಬ್ಬರೂ ಸೇರಿ 1880ರಲ್ಲಿ ಲಂಡನ್ನಿನಲ್ಲಿ ಬರೋಸ್ ವೆಲ್ಕಮ್ ಕಂಪನಿ ಕಟ್ಟಿದರು. ಯಂತ್ರದಲ್ಲಿ ಒತ್ತಿ ಮಾಡಿದ ಮಾತ್ರೆಗಳನ್ನು ಬ್ರಿಟಿಷ್ ಸಾಮ್ರಾಜ್ಯಕ್ಕೆಲ್ಲ ಹಬ್ಬಿಸಿದರು. ಎಲೈ ಲಿಲ್ಲಿ ಕಂಪನಿಯನ್ನು ಬೆಳೆಸಿದ ಜೋಸಿಯಾ ಲಿಲ್ಲಿ 1882ರ ಪದವೀಧರ. ವೈಯತ್ ಕಂಪನಿಯ ಜಾನ್ ವೈಯತ್ ಕೂಡ ಇಲ್ಲಿಯವರೇ. ಈ ಭಾಗವನ್ನು ಬರೆಯುವಾಗ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಔಷಧಿ ತಯಾರಿಸುವ ವಿದ್ಯೆಯನ್ನು ಉಳಿಸಲು ಹುಟ್ಟಿದ ಕಾಲೇಜು, ಆ ಕೋಣೆಯನ್ನೇ ಖಾಲಿ ಮಾಡಿಸಿದ ಕಾರ್ಖಾನೆಗಳ ಯಜಮಾನರನ್ನೂ ತಯಾರು ಮಾಡಿತು. ಆದರೆ ಪ್ರತಿ ಬಾಟಲಿಯಲ್ಲೂ ಒಂದೇ ಪ್ರಮಾಣ ಇರಬೇಕು ಎಂದು 1824ರಲ್ಲಿ ಸಮಿತಿ ಕೇಳಿದ್ದನ್ನು ಕೈಗಿಂತ ಯಂತ್ರವೇ ಚೆನ್ನಾಗಿ ಮಾಡಬಲ್ಲದು ಎಂಬುದನ್ನೂ ಒಪ್ಪಲೇಬೇಕು. ನಮ್ಮ ಕಡೆ ಆಸ್ಪತ್ರೆಗಳಲ್ಲಿ ಕಂಪೌಂಡರ್ ಮಿಕ್ಸ್ಚರ್ ಕಲಸಿಕೊಡುತ್ತಿದ್ದ ಕಾಲ ಮುಗಿದದ್ದೂ ಇದೇ ಕಾರಣದಿಂದ.

1895ರಲ್ಲಿ ಪದವಿ ಪಡೆದ ಹೆನ್ರಿ ಮಿಂಟನ್ ಅವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಕಪ್ಪು ಜನಾಂಗದ ಈ ಯುವಕ ಫಿಲಡೆಲ್ಫಿಯಾದಲ್ಲಿ ತನ್ನದೇ ಔಷಧಿ ಅಂಗಡಿ ತೆರೆದು, ನಂತರ ವೈದ್ಯಕೀಯವನ್ನೂ ಓದಿ, ಕಪ್ಪು ಜನರಿಗಾಗಿ ಸ್ಥಾಪನೆಯಾದ ಮರ್ಸಿ ಆಸ್ಪತ್ರೆಯನ್ನು ಮುನ್ನಡೆಸಿದರು.

ಇಪ್ಪತ್ತನೆಯ ಶತಮಾನದ ಕಥೆ ಬಹುಮಟ್ಟಿಗೆ ಹೆಸರು ಮತ್ತು ಕಟ್ಟಡಗಳದು. 1921ರಲ್ಲಿ ಹೆಸರಿಗೆ 'ವಿಜ್ಞಾನ' ಸೇರಿತು, 1928ರಲ್ಲಿ ಹತ್ತನೆಯ ಬೀದಿಯ ಹಳೆಯ ಕಟ್ಟಡದಿಂದ ನಗರದ ಪಶ್ಚಿಮಕ್ಕೆ ಸ್ಥಳಾಂತರವಾಯಿತು, 1998ರಲ್ಲಿ ಅದೇ ಒಂದು ವಿಶ್ವವಿದ್ಯಾಲಯವಾಯಿತು. ಇನ್ನೂರನೆಯ ವರ್ಷ ತುಂಬಿದ ಮರುವರ್ಷ, 2022ರ ಜೂನ್‌ನಲ್ಲಿ, ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯದೊಂದಿಗೆ ವಿಲೀನವಾಯಿತು. ಹಳೆಯ ಹೆಸರು ಅದರೊಳಗಿನ ಒಂದು ಕಾಲೇಜಿನ ಹೆಸರಾಗಿ ಉಳಿಯಿತು. ವಿಶ್ವವಿದ್ಯಾಲಯದ ಪದವಿ ಬೇಡವೆಂದು ಹುಟ್ಟಿದ ಸಂಸ್ಥೆ ವಿಶ್ವವಿದ್ಯಾಲಯದ ಭಾಗವಾದದ್ದನ್ನು ಸೋಲು ಎಂದು ನಾನು ಎಣಿಸುವುದಿಲ್ಲ. 1821ರ ಜಗಳ ಪದವಿಯ ಬಗ್ಗೆ ಇರಲಿಲ್ಲ, ಆ ಪದವಿಯಲ್ಲಿ ಏನನ್ನು ಕಲಿಸಬೇಕೆಂದು ನಿರ್ಧರಿಸುವವರು ಯಾರು ಎಂಬುದರ ಬಗ್ಗೆ ಇತ್ತು.

ಆ ಪ್ರಶ್ನೆ ನಮ್ಮಲ್ಲಿ ಇನ್ನೂ ಹಸಿಯಾಗಿದೆ. ಭಾರತದಲ್ಲಿ 1948ರ ಫಾರ್ಮಸಿ ಕಾಯ್ದೆ ಮತ್ತು ಅದರಡಿ ಬಂದ ಶಿಕ್ಷಣ ನಿಯಮಗಳು ದಾರಿಯನ್ನು ತಿರುಗುಮುರುಗು ಮಾಡಿದವು: ಅಲ್ಲಿ ಅಂಗಡಿಯಿಂದ ಕಾಲೇಜು ಹುಟ್ಟಿತು, ಇಲ್ಲಿ ಕಾಲೇಜು ಮುಗಿಸಿ ಅಂಗಡಿಗೆ ಬರಬೇಕು. ನಾವು ಡಿ.ಫಾರ್ಮಾ ಮಾಡಿದ ನಿಯಮಗಳ ಪ್ರಕಾರ ಎರಡು ವರ್ಷದ ಓದಿನ ನಂತರ 500 ಗಂಟೆಗಳ ಪ್ರಾಯೋಗಿಕ ತರಬೇತಿ ಇತ್ತು, ಅದರಲ್ಲಿ ಕನಿಷ್ಠ 250 ಗಂಟೆ ವೈದ್ಯರ ಚೀಟಿ ನೋಡಿ ಔಷಧಿ ವಿತರಿಸುವುದಕ್ಕೆ ಮೀಸಲು. ಆ 500 ಗಂಟೆಗಳು ಎಷ್ಟೋ ಕಡೆ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುವುದರಲ್ಲೇ ಮುಗಿಯುತ್ತವೆ, ಸರ್ಟಿಫಿಕೇಟು ಒಬ್ಬರದು, ಕೌಂಟರಿನಲ್ಲಿ ನಿಂತವರು ಇನ್ನೊಬ್ಬರು ಎಂಬ ಪರಿಸ್ಥಿತಿ ಇದೆ ಎಂಬುದು ಈ ಕಸುಬಿನವರೆಲ್ಲರಿಗೂ ಗೊತ್ತು. ಹೊಸ ಪಠ್ಯಕ್ರಮಗಳನ್ನು, ಡಿ.ಫಾರ್ಮಾ ಮುಗಿಸಿದವರು ನೋಂದಣಿಗೆ ಮುನ್ನ ಬರೆಯಬೇಕಾದ ಎಕ್ಸಿಟ್ ಪರೀಕ್ಷೆಯನ್ನು ನಾನು ಸ್ವಾಗತಿಸುತ್ತೇನೆ. ಜೊತೆಗೆ, ಫಾರ್ಮಸಿ ಕಾಲೇಜು ಇರುವ ಪ್ರತಿ ಊರಿನಲ್ಲೂ ಅನುಭವಿ ಔಷಧಿ ಅಂಗಡಿಯವರು ವಾರಕ್ಕೊಂದು ಸಂಜೆಯಾದರೂ ತರಗತಿಗೆ ಹೋಗಿ, ಒಂದೇ ರೀತಿ ಕೇಳಿಸುವ ಎರಡು ಬ್ರ್ಯಾಂಡ್ ಹೆಸರುಗಳು ಹೇಗೆ ಅದಲುಬದಲಾಗುತ್ತವೆ, ಇನ್ಸುಲಿನ್ ಇಟ್ಟ ಫ್ರಿಜ್‌ನ ಕರೆಂಟ್ ಹೋದಾಗ ಏನು ಮಾಡಬೇಕು, ಅರ್ಥವಾಗದ ಚೀಟಿಯ ಬಗ್ಗೆ ವೈದ್ಯರಿಗೆ ಫೋನ್ ಮಾಡಿ ಕೇಳುವುದು ಹೇಗೆ ಎಂಬುದನ್ನು ಹೇಳಿಕೊಡುವಂತಾಗಬೇಕು. ನಮ್ಮ ಜಿಲ್ಲೆಗಳ ಔಷಧಿ ವ್ಯಾಪಾರಿಗಳ ಸಂಘಗಳು ಮನಸ್ಸು ಮಾಡಿದರೆ ಇದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಾಗಿಲ್ಲ.